ಬ್ರೇಕ್ ಬಿಟ್ಟುಹೋದ ಪ್ರೋಗ್ರಾಮು

ಕೊಟ್ಟೂರಿನ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ನಾನು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದವಳು. ಗೆಳತಿ ಕೊಟ್ಟೂರಿನವಳೇ, ಸ್ಕೂಟರ್ ಮೆಕ್ಯಾನಿಕ್‌ನ ಮಗಳು. ಲ್ಯಾಬಿನಲ್ಲಿ ನಮ್ಮಿಬ್ಬರ ಕಂಪ್ಯೂಟರುಗಳು ಅಕ್ಕಪಕ್ಕ.

ನನಗೆ ಬಂದ ಪ್ರಶ್ನೆ ಸುಲಭದ್ದು: ಸಂಖ್ಯೆ ಕೊಟ್ಟರೆ ವಾರದ ಹೆಸರು ಬರಬೇಕು. ಒಂದಕ್ಕೆ ಸೋಮವಾರ, ಎರಡಕ್ಕೆ ಮಂಗಳವಾರ. ಸಂಖ್ಯೆ ನೋಡಿ ದಾರಿ ಆರಿಸುವ ಸ್ವಿಚ್ ಬರೆದು, ಒಂದೊಂದು ವಾರಕ್ಕೆ ಒಂದೊಂದು ಕೇಸ್, ಅಂದರೆ ಒಂದೊಂದು ಕವಲು ಹಾಕಿದೆ. ಮೂರು ಒತ್ತಿದರೆ ಬುಧವಾರದಿಂದ ಭಾನುವಾರದವರೆಗೆ ಎಲ್ಲವೂ ಪರದೆಯ ಮೇಲೆ ಸಾಲಾಗಿ ಬಂದವು. ಅಳಿಸಿ ಮತ್ತೆ ಬರೆದೆ, ಮತ್ತೆ ಅದೇ.

ಗೆಳತಿ ಓರೆಗಣ್ಣಿನಲ್ಲಿ ನೋಡಿದಳು. "ಕೇಸ್ ಮುಗಿದ ಮ್ಯಾಲ ಬ್ರೇಕ್ ಹಾಕಬೇಕಲೇ. ಇಲ್ಲಾಂದ್ರ ಕೆಳಗಿನವಕ್ಕೆಲ್ಲಾ ಹೋಗಿಬಿಡತೈತಿ."

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ನಮ್ಮ ಹಿಂದೆಯೇ ನಿಂತಿದ್ದರು. "ಏನಮ್ಮಾ, ಪಾಠ ಹೇಳಿಕೊಡ್ತಿದೀಯಾ? ಎದ್ದು ಹೊರಗೆ ನಡಿ."

ನಾನು ಎದ್ದು ನಿಂತೆ. "ಸಾರ್, ನಾನೇ ಕೇಳಿದ್ದು." ಅದು ಸುಳ್ಳು. ಅವಳೊಬ್ಬಳೇ ಹೋಗಬಾರದೆಂದು ಹೇಳಿದ್ದೆ.

"ಅಕಿ ಕೇಳಿಲ್ರಿ ಸಾರ್, ನಾನಾ ಹೇಳೀನ್ರಿ," ಎಂದಳು ಗೆಳತಿ. ಕಣ್ಣಲ್ಲೇ ಕೂರು ಎಂದು ಸನ್ನೆ ಮಾಡಿ ಹೊರಟುಹೋದಳು. ಅವಳ ಪರದೆಯಲ್ಲಿ ಅರ್ಧ ಬರೆದ ಪ್ರೋಗ್ರಾಮು ಹಾಗೇ ಉಳಿಯಿತು.

ಬ್ರೇಕ್‌ಗಳನ್ನು ಹಾಕಿದೆ. ಬುಧವಾರ ಒಂದೇ ಬಂತು. ಪರೀಕ್ಷಕರು ತಲೆಯಾಡಿಸಿ ಮುಂದೆ ಹೋದರು. ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಬಂತಾ?"

"ಬಂತು," ಎಂದು ಅತ್ತುಬಿಟ್ಟೆ.

"ಅಳಬ್ಯಾಡಲೇ. ಬಾಯಿ ತಡೀಲಿಲ್ಲ, ಹೇಳಿಬಿಟ್ಟೆ."

ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ಪರೀಕ್ಷಕರು ಯೂನಿವರ್ಸಿಟಿಗೆ ಬರೆದು ಕಳಿಸ್ಯಾರಮ್ಮಾ, ನನ್ ಕೈಯಾಗ ಏನೈತಿ?" ಎಂದರು. ನಾನು ಪಾಸಾದೆ, ಅವಳು ಆಗಲಿಲ್ಲ. ಪಾಸಾದದ್ದಕ್ಕೆ ಅಮ್ಮ ಮನೆಯಲ್ಲಿ ಪಾಯಸ ಮಾಡಿದಳು. ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

ಮರುವರ್ಷ ಅವಳು ಮತ್ತೆ ಪರೀಕ್ಷೆಗೆ ಕೂತ ದಿನ ಬಸ್ಸು ಹತ್ತಿ ಹೋಗಿ ಲ್ಯಾಬಿನ ಎದುರು ನಿಂತೆ. ಅವಳು ನಗುತ್ತಲೇ ಬಂದಳು. "ನೀ ಯಾಕ ಬಂದಿಯಲೇ ಇಷ್ಟು ದೂರ? ಚಲೋ ಮಾಡೀನಿ, ಬಾ." ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಹುಡುಗಿಯರ ಗುಂಪೊಂದು, "ಅಕ್ಕಾ, ನಿಂದ್ರು, ನಾವೂ ಬರ್ತೀವಿ," ಎಂದು ಕೂಗಿತು. ಅವರೆಲ್ಲ ನಮಗಿಂತ ಒಂದು ವರ್ಷ ಚಿಕ್ಕವರು, ಈಗ ಅವಳ ಸಹಪಾಠಿಗಳು.