ಶಾಮಣ್ಣನವರ ಸುಣ್ಣದ ರೊಟ್ಟಿ

ಎಲೆ ಅಡಿಕೆ ಬಾಯಿಗೆ ಹಾಕದೆ ಬರೀ ಸುಣ್ಣ ಕೊಳ್ಳುತ್ತಿದ್ದ ಮನುಷ್ಯ ಇಡೀ ಚಾಮರಾಜಪೇಟೆಗೆ ಒಬ್ಬರೇ ಇದ್ದರು. ಅವರೇ ಶಾಮಣ್ಣನವರು. ಗೋಡೆಯ ಬಿರುಕಿಗೆ ಬಳಿಯುತ್ತಾರೇನೋ ಎಂದು ವೀಳ್ಯದೆಲೆ ಅಂಗಡಿಯವನು ಮೊದಮೊದಲು ಅಂದುಕೊಂಡಿದ್ದ. ಅದರಲ್ಲಿ ಜೋಳ ಬೇಯಿಸಿಕೊಂಡು ತಿನ್ನುತ್ತಾರೆಂದು ತಿಳಿದ ಮೇಲೆ, ಒಂದು ಸಲ ಅವರ ಮುಖವನ್ನು ಚೆನ್ನಾಗಿ ನೋಡಿಯೇ ಪೊಟ್ಟಣ ಕಟ್ಟುತ್ತಿದ್ದ.

ನಾನು ಆಗ ಹೊಸದಾಗಿ ಮೇಷ್ಟರಾಗಿ ಬಂದವನು. ಶಾಮಣ್ಣನವರ ಅಣ್ಣ ಸುಬ್ಬರಾಯರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ, ಊಟವೂ ಅಲ್ಲೇ. ಸುಬ್ಬರಾಯರದು ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಹೆಂಡತಿ ಲಕ್ಷ್ಮಮ್ಮನವರೇ ಆಡುತ್ತಿದ್ದರು. ಶಾಮಣ್ಣನವರು ಚಿಕ್ಕ ವಯಸ್ಸಿನಲ್ಲಿ ಕೋಲಾರದ ಕಡೆಯ ಚಿನ್ನದ ಗಣಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಅಲ್ಲಿನ ಬಿಳಿಯ ದೊರೆಯೊಬ್ಬ ಮೆಕ್ಸಿಕೋ ದೇಶದ ಬೆಳ್ಳಿ ಗಣಿಗೆ ಹೊರಟಾಗ ಅವನ ಹಿಂದೆ ಇವರೂ ಹಡಗು ಹತ್ತಿದರು. ಹತ್ತು ಹನ್ನೆರಡು ವರ್ಷದ ಮೇಲೆ ಆ ದೇಶದಲ್ಲಿ ದಂಗೆಯೆದ್ದು ಗಣಿ ಮುಚ್ಚಿದಾಗ, ಒಂದು ತಗಡಿನ ಪೆಟ್ಟಿಗೆಯನ್ನೂ ಕೆಟ್ಟುಹೋದ ಒಂದು ನಾಲಿಗೆಯನ್ನೂ ಹೊತ್ತುಕೊಂಡು ಹಿಂದಿರುಗಿದರು. ಪೆಟ್ಟಿಗೆಯಿಂದ ಯಾರಿಗೂ ತೊಂದರೆಯಾಗಲಿಲ್ಲ.

"ಅಲ್ಲಿದ್ದಷ್ಟು ದಿನ ನಮ್ಮ ಅತ್ತಿಗೆ ಸಾರು, ಅತ್ತಿಗೆ ಸಾರು ಅಂತ ಪ್ರಾಣ ಬಿಡ್ತಿದ್ದೆ ಮೇಷ್ಟ್ರೇ," ಎಂದು ನನ್ನ ಹತ್ತಿರ ಹೇಳುತ್ತಿದ್ದರು. "ಇಲ್ಲಿಗೆ ಬಂದು ಹೊಟ್ಟೆ ತುಂಬ ಸಾರು ಸುರ್ಕೊಂಡೆ. ಒಂದು ವಾರ ಆಗ್ಲಿಲ್ಲ, ಅಲ್ಲಿನ ರೊಟ್ಟಿ ನೆನಪಾಯ್ತು. ಹಾಳು ನಾಲಿಗೆ, ಎಲ್ಲಿದ್ರೂ ಪರದೇಶೀನೇ!"

ಆ ರೊಟ್ಟಿ ಎಂದರೆ, ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ಸಿಪ್ಪೆ ಉಜ್ಜಿ ತೊಳೆದು, ನುಣ್ಣಗೆ ರುಬ್ಬಿ, ಅಂಗೈಯಲ್ಲಿ ತಟ್ಟಿ ಕಾವಲಿಯ ಮೇಲೆ ಸುಡುವುದು. ಜೊತೆಗೆ ಬೇಯಿಸಿದ ಕಾಳು, ಸುಟ್ಟ ಮೆಣಸಿನಕಾಯಿಯ ಚಟ್ನಿ. ಅವರು ಅಲ್ಲಿ ಇಳಿದುಕೊಂಡಿದ್ದ ಮನೆಯ ಮುದುಕಿ ಮಾಡಿಕೊಡುತ್ತಿದ್ದಳಂತೆ. ಮತ್ತೆ ಆ ದೇಶಕ್ಕೆ ಹೋಗುವುದು ಆಗದ ಮಾತು. ಸಾಯುವುದರೊಳಗೆ ಅದೇ ರುಚಿಯ ಒಂದು ರೊಟ್ಟಿ ತಿನ್ನಬೇಕೆಂಬುದೊಂದೇ ಶಾಮಣ್ಣನವರ ಆಸೆ. ಸಮುದ್ರ ದಾಟಿದವರಾದ್ದರಿಂದ ಅವರಿಗೆ ಅಡುಗೆಮನೆಗೂ ಪ್ರವೇಶವಿರಲಿಲ್ಲ, ಪಂಕ್ತಿಯಲ್ಲೂ ಜಾಗವಿರಲಿಲ್ಲ. ಜಗಲಿಯಲ್ಲಿ ಒಂಟಿ ಎಲೆ. ಹೀಗಾಗಿ ಪ್ರಯೋಗವೆಲ್ಲ ಹಿತ್ತಲಿನ ಬಚ್ಚಲೊಲೆಯಲ್ಲೇ. ಸುಟ್ಟದ್ದನ್ನು ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದು, "ಹತ್ತಿರ ಬಂದಿದೆ. ಆದ್ರೆ ಬಂದಿಲ್ಲ," ಎನ್ನುತ್ತಿದ್ದರು.

ಒಂದು ದಿನ ಕೆಂಪಾಂಬುಧಿ ಕೆರೆಯ ಏರಿಯ ಮೇಲೆ ಅವರು ಪಾಪಾಸುಕಳ್ಳಿ ಕೊಯ್ಯುತ್ತಿದ್ದುದನ್ನು ಮನೆಯ ಪುರೋಹಿತರಾದ ಶಾಸ್ತ್ರಿಗಳು ನೋಡಿಬಿಟ್ಟರು.

"ಏನೋ ಶಾಮಣ್ಣ, ಬೇಲಿ ಹಾಕಿಸ್ತೀಯೇನೋ?"

"ಇಲ್ಲ ಶಾಸ್ತ್ರಿಗಳೇ, ಪಲ್ಯಕ್ಕೆ. ಆ ದೇಶದಲ್ಲಿ ಮುಳ್ಳು ತೆಗೆದು ತಿಂತಾರೆ."

ಶಾಸ್ತ್ರಿಗಳು ಅಲ್ಲಿಂದ ನೆಟ್ಟಗೆ ಬಂದು ಸುಬ್ಬರಾಯರ ಜಗಲಿ ಹತ್ತಿದರು. ಬ್ರಾಹ್ಮಣ ಬೇಲಿ ತಿನ್ನುವ ಮಟ್ಟಕ್ಕೆ ಬಂದ ಮೇಲೆ ಸುಮ್ಮನಿರಬಾರದು, ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಸೇರಿಸಿಕೊಂಡುಬಿಡಿ ಎಂದರು. ಆದರೆ ಇನ್ನು ಮೇಲೆ ಆ ದೇಶದ ಪದಾರ್ಥ ಯಾವುದನ್ನೂ ಮುಟ್ಟುವುದಿಲ್ಲವೆಂದು ಶಾಮಣ್ಣ ಸಂಕಲ್ಪ ಮಾಡಬೇಕು. ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ಅಣ್ಣನ ಪಕ್ಕದ ಮಣೆ. ಶಾಮಣ್ಣನವರು ಬಹಳ ಹೊತ್ತು ಯೋಚಿಸಿ, "ಅಣ್ಣನ ಪಕ್ಕ ಕೂತು ಉಂಡು ಎಷ್ಟು ಕಾಲ ಆಯ್ತು ಮೇಷ್ಟ್ರೇ," ಎಂದರು. ಸಂಕಲ್ಪಕ್ಕೆ ಒಪ್ಪಿಕೊಂಡರು. ಜಗಲಿಯ ಊಟ ಅವರನ್ನು ಅಷ್ಟು ಹಿಂಡಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಪಂಚಗವ್ಯ, ಹೋಮ, ಹೊಸ ಜನಿವಾರ ಎಲ್ಲ ಸಾಂಗವಾಗಿ ಮುಗಿದು ಪಂಕ್ತಿ ಕೂತಿತು. ಮೈದುನ ಒಳಗೆ ಬಂದ ಸಂತೋಷಕ್ಕೆ ಲಕ್ಷ್ಮಮ್ಮನವರು ಹಬ್ಬದಡುಗೆಯನ್ನೇ ಮಾಡಿದ್ದರು. ಕೋಸಂಬರಿ ಬಂದೊಡನೆ ಶಾಮಣ್ಣನವರು ಎಲೆಗೆ ಕೈ ಅಡ್ಡ ಹಿಡಿದರು.

"ಯಾಕೋ?"

"ಹಸಿಮೆಣಸಿನಕಾಯಿ ಹಾಕಿದೀರಿ ಅತ್ತಿಗೆ. ಅದು ಆ ದೇಶದ್ದು."

ಹುರುಳಿಕಾಯಿ ಪಲ್ಯ ಬಂತು. ಅದೂ ಆ ದೇಶದ್ದೇ. ಸಿಹಿಕುಂಬಳದ ಹುಳಿ ಬಂತು. ಕುಂಬಳವೂ ಆ ದೇಶದ್ದು, ಅದರ ಖಾರವೂ ಆ ದೇಶದ್ದು.

"ನಿನ್ನ ತಲೆ! ಮೆಣಸಿನಕಾಯಿ ನಮ್ಮ ಮುತ್ತಾತನ ಕಾಲದಿಂದ ಇದೆ," ಎಂದು ಶಾಸ್ತ್ರಿಗಳು ಗದರಿದರು.

"ಹಾಗಾದ್ರೆ ತಿಥಿ ಅಡುಗೆಗೆ ಯಾಕೆ ಹಾಕಲ್ಲ ಶಾಸ್ತ್ರಿಗಳೇ? ಹೊರಗಿಂದ ಬಂದದ್ದು ಅಂತ ಪಿತೃಗಳಿಗೆ ಗೊತ್ತು."

ಶಾಸ್ತ್ರಿಗಳು ನೀರು ಕುಡಿದರು. ಶಾಮಣ್ಣನವರು ಅನ್ನ ತುಪ್ಪ ಕಲೆಸಿಕೊಂಡು ಉಂಡು ಎದ್ದರು. ಅದು ಕಿಡಿಗೇಡಿತನವೋ ನಿಷ್ಠೆಯೋ ನನಗೆ ಇಂದಿಗೂ ತಿಳಿಯದು. ಮುಖದಲ್ಲಿ ನಗುವಂತೂ ಇರಲಿಲ್ಲ.

ಮಾರನೆಯ ದಿನದಿಂದ ಲಕ್ಷ್ಮಮ್ಮನವರಿಗೆ ಕಷ್ಟಕಾಲ ಶುರುವಾಯಿತು. ಆ ದೇಶದ್ದೆಲ್ಲ ಬಿಟ್ಟು ಅಡುಗೆ ಮಾಡಹೊರಟರೆ ಉಳಿಯುವುದು ತಿಥಿಯ ಅಡುಗೆಯೇ: ಮೆಣಸಿನ ಸಾರು, ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ. ದಿನವೂ ಅದೇ ವಾಸನೆ ಬೀದಿಗೆ ಬಂದು, ಎದುರುಮನೆಯಾಕೆ ಒಂದು ದಿನ ಕೇಳಿಯೇಬಿಟ್ಟರು: "ನಿಮ್ಮನೇಲಿ ಯಾರ ತಿಥಿ ರೀ ಇವತ್ತು?"

ಲಕ್ಷ್ಮಮ್ಮನವರು ಶಾಸ್ತ್ರಿಗಳಿಗೆ ಹೇಳಿಕಳುಹಿಸಿದರು. "ಬದುಕಿರೋ ಮೈದುನನಿಗೆ ದಿನಾ ತಿಥಿ ಅಡುಗೆ ಬಡಿಸೋ ಕರ್ಮ ನನಗೆ ಬೇಡ. ನೀವು ಕಟ್ಟಿದ ಗಂಟು, ನೀವೇ ಬಿಚ್ಚಿ!"

ಶಾಸ್ತ್ರಿಗಳು ಮೂರು ಸಲ ನಶ್ಯ ಏರಿಸಿ, ಮನೆಯೊಳಗೆ ಮಡಿಯಲ್ಲಿ ಬೇಯಿಸಿದ್ದು ಯಾವ ದೇಶದ್ದಾದರೂ ಮನೆಯದೇ ಎಂದು ತೀರ್ಮಾನ ಕೊಟ್ಟರು. ಆ ದಿನ ಅಲ್ಲೇ ಊಟಕ್ಕೆ ನಿಂತು, ಕುಂಬಳದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಬಡಿಸಿದ ಲಕ್ಷ್ಮಮ್ಮನವರು ಮೈದುನನ ಕಡೆ ತಿರುಗಿ, "ತಾರೋ ಇಲ್ಲಿ ಆ ಸುಣ್ಣ. ಬಚ್ಚಲಲ್ಲಿ ಬೇಯಿಸಿದ್ರೆ ಬಚ್ಚಲ ರುಚೀನೇ ಬರೋದು," ಎಂದರು.

ಹೀಗೆ ಮೆಕ್ಸಿಕೋ ರೊಟ್ಟಿ ಮಡಿಯುಟ್ಟು ಅಡುಗೆಮನೆ ಸೇರಿತು. ಸುಣ್ಣ ಹೆಚ್ಚಾಗಿ ನಮ್ಮೆಲ್ಲರ ಬಾಯಿ ಬೆಂದ ದಿನವೂ ಉಂಟು, ಕಡಿಮೆಯಾಗಿ ರೊಟ್ಟಿ ಕೈಯಲ್ಲೇ ಬಿರಿದ ದಿನವೂ ಉಂಟು. ಅಣ್ಣನ ಪಕ್ಕದ ಮಣೆಯಲ್ಲಿ ಶಾಮಣ್ಣನವರು ಕಣ್ಣು ಮುಚ್ಚಿ ಅಗಿಯುತ್ತಿದ್ದರೆ ಲಕ್ಷ್ಮಮ್ಮನವರು ಸಟ್ಟುಗ ಹಿಡಿದು ಕಾಯುತ್ತ ನಿಲ್ಲುವರು. "ಹತ್ತಿರ ಬಂದಿದೆ ಅತ್ತಿಗೆ. ಆದ್ರೆ ಬಂದಿಲ್ಲ." "ಆ ಮುದುಕಿ ಕೈಯಲ್ಲಿ ಏನು ಅಮೃತ ಇತ್ತೇನೋ!" ಎಂದು ಬೈದು, ಮುಂದಿನ ವಾರ ಮತ್ತೆ ಜೋಳ ನೆನೆಹಾಕುವರು. ವರ್ಷಗಟ್ಟಲೆ ಇದೇ ನಡೆಯಿತು. ಸುಳ್ಳಿಗಾದರೂ ಒಂದು ಸಲ "ಬಂತು" ಎನ್ನಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಆ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

ಒಂದು ಚಳಿಗಾಲ ಜ್ವರ ಹಿಡಿದು, ಹೆಚ್ಚು ದಿನ ನರಳದೆ ಶಾಮಣ್ಣನವರು ಹೋಗಿಬಿಟ್ಟರು. ವರ್ಷದ ತಿಥಿಗೆ ಶಾಸ್ತ್ರಿಗಳು ಎಲೆಯ ಮುಂದೆ ಕೂತು, "ಶಾಮಣ್ಣನಿಗೆ ಇಷ್ಟವಾದ್ದು ಏನಾದ್ರೂ ಮಾಡಿದೀರೇನಮ್ಮಾ?" ಎಂದು ವಾಡಿಕೆಯಂತೆ ಕೇಳಿದರು.

"ಇಷ್ಟವಾದ್ದೆಲ್ಲ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೀನಿ," ಎಂದರು ಲಕ್ಷ್ಮಮ್ಮ.

ಮಾರನೆಯ ಬೆಳಿಗ್ಗೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದರು. ಎಲೆಯ ಮೇಲೆ ಒಂದು ರೊಟ್ಟಿ, ಪಕ್ಕದಲ್ಲಿ ಸುಟ್ಟ ಮೆಣಸಿನಕಾಯಿ ಚಟ್ನಿ. ಮುರಿದು ಬಾಯಿಗಿಟ್ಟುಕೊಂಡೆ. ಹೂವಿನಷ್ಟು ಮೆತ್ತಗಿತ್ತು, ಅಷ್ಟು ಒಳ್ಳೆಯ ರೊಟ್ಟಿಯನ್ನು ನಾನು ಆ ಮನೆಯಲ್ಲಿ ಅದುವರೆಗೆ ತಿಂದಿರಲಿಲ್ಲ.

"ಬಂದಿದ್ಯಾ ಮೇಷ್ಟ್ರೇ?"

ನಾನು ಕಂಡ ಪರದೇಶವೆಂದರೆ ಊರಾಚೆ ಬಿಳಿಯರಿದ್ದ ದಂಡು ಪ್ರದೇಶ. ಏನು ಹೇಳಲಿ? ತಲೆ ತಗ್ಗಿಸಿ ಕೂತೆ.

"ಸುಮ್ನೆ ಕೂತ್ರೆ ಹೇಗೆ?" ಎಂದು ಲಕ್ಷ್ಮಮ್ಮನವರು ಸೆರಗನ್ನು ಕಣ್ಣಿಗೊತ್ತಿಕೊಂಡರು. "ಬಂದಿಲ್ಲ ಅಂತಾದ್ರೂ ಹೇಳಿ."