ಹಟ್ಟಿ ಮಾವನ ಕುರಿಗಳ ಕಿವಿ

ಕೊಟ್ರೇಶ, ಗೌರಿ,

ಹೋದ ಭಾನುವಾರ ನನ್ನ ಗುಂಡಿ-ಸೂಜಿಯ ಡಬ್ಬಿಯನ್ನು ನೆಲಕ್ಕೆ ಸುರುವಿಕೊಂಡು ಆಡುತ್ತಿದ್ದಿರಲ್ಲ, ಆಗ ನಿಮ್ಮ ಕೈಗೆ ಒಂದು ತಗಡಿನ ಬಿಲ್ಲೆ ಸಿಕ್ಕಿತು. ಅರ್ಧ ಬೆರಳಿನಷ್ಟು ಉದ್ದ, ನಡುವೆ ಮಡಿಚಿದ್ದು, ಮೇಲೆ ಸವೆದ ಅಂಕಿ. "ಅಜ್ಜಿ, ಇದು ಯಾವ ಬೀಗದ್ದು?" ಎಂದು ಗೌರಿ ಕೇಳಿದಳು. "ಏನೋ ಹಳೇದು, ಇಡು" ಎಂದು ಕಸಿದುಕೊಂಡೆ. ನೀವು ಹೋದ ಮೇಲೆ ಅದನ್ನು ಮೂಸಿ ನೋಡಿದೆ. ಕುರಿಯ ವಾಸನೆ ಉಳಿದಿರಬಹುದು ಅಂತ… ಬರೀ ತಗಡಿನ ವಾಸನೆ.

ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ. ಮನೆಗೆ ಯಾರಾದರೂ ಬಂದರೆ ಒಲೆಯ ಮುಂದೆ ಹೋಗಿ ಕೂರುವವಳು ನಾನು. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರವಿದೆ. ಅದರಲ್ಲೇ ಬರೆಯುತ್ತೇನೆ.

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಕುರಿ ಹಟ್ಟಿ ಇತ್ತು. ಅಲ್ಲಿದ್ದವರನ್ನು ನಾವು ಹಟ್ಟಿ ಮಾವ ಅನ್ನುತ್ತಿದ್ದೆವು. ರಕ್ತ ಸಂಬಂಧವೇನಲ್ಲ. ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆ ಆಚೆಯ ಕಾಲುವೆ ಸೀಮೆಗೆ ಹೋಗುವರು, ಮುಂಗಾರು ಮಳೆ ಬೀಳುವ ಹೊತ್ತಿಗೆ ವಾಪಸ್ ಬರುವರು. ಅವರ ಹೆಂಡತಿ ಒಂದು ವರ್ಷ ಹಾಗೆ ಕುರಿಯ ಜೊತೆ ನಡೆದವರು ದಾರಿಯಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ವರ್ಷ ಮಾವ ಕೇಳದೆಯೇ ನಮ್ಮ ಹೊಲದಲ್ಲಿ ಮೂರು ದಿನ ರಾತ್ರಿಯೆಲ್ಲ ಕುರಿ ತರುಬಿ ಗೊಬ್ಬರ ಮಾಡಿಕೊಟ್ಟರು. ಅದಕ್ಕೆ ಕೂಲಿಯೆಂದು ಸೇರು ಜೋಳವನ್ನೂ ಮುಟ್ಟಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರ ಕಸುಬು ಸೊರಗಿತು. ಉಣ್ಣೆ ಕೇಳುವವರಿಲ್ಲ, ಕಂಬಳಿ ಕೊಳ್ಳುವವರಿಲ್ಲ, ಮೊದಲು ಕುರಿ ಮೇಯುತ್ತಿದ್ದ ಬಯಲಿಗೆಲ್ಲ ಬೇಲಿ. ಊರಿಗೆ ಎಸ್‌ಟಿಡಿ ಬೂತ್ ಬಂದ ಕಾಲ ಅದು. ನಿಮ್ಮ ಅಮ್ಮ ಕೊಟ್ಟೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಲು ಶುರು ಮಾಡಿದ್ದಳು. ಆಗ ಸರ್ಕಾರದ ಸ್ಕೀಮು ಬಂತು. ಇಪ್ಪತ್ತು ಕುರಿ, ಒಂದು ಟಗರು, ತಗಡಿನ ಶೆಡ್ಡು. ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದು. "ಇನ್ನ ಉಣ್ಣಿ ಕುರಿ ಬ್ಯಾಡ್ರಿ, ಮಾಂಸದ ಕುರಿ ಸಾಕ್ರಿ. ಅಲೆದಾಡಿಸಬ್ಯಾಡ್ರಿ, ಕಟ್ಟಿ ಮೇಯಿಸ್ರಿ" ಎಂದು ಸ್ಕೀಮಿನ ಸಾಹೇಬರು ಗುಡಿ ಕಟ್ಟೆಯ ಮೇಲೆ ನಿಂತು ಹೇಳಿದರು. ಕೊಟ್ಟೂರಿನ ಕಟುಕರಿಗೂ ಅಂಗಡಿಗೆ ಬಿಳಿ ಕಲ್ಲು ಹಾಕಿಸಲು ಅದೇ ವರ್ಷ ಸಹಾಯ ಬಂತಂತೆ.

ವಿಧವೆಯರ ಅರ್ಜಿಗೆ ಮೊದಲ ಮನ್ನಣೆ. ಶೆಡ್ಡು ಹಾಕಲು ಸ್ವಂತ ಜಾಗದ ಕಾಗದವೂ ಬೇಕು. ಮಾವನ ಹತ್ತಿರ ಎರಡೂ ಇರಲಿಲ್ಲ, ನನ್ನ ಹತ್ತಿರ ಎರಡೂ ಇದ್ದವು.

ಮಾವ ಬಂದು ಗೋಡೆಯ ಆಚೆಯೇ ನಿಂತು ಕೇಳಿದರು. "ಹೆಸರು ನಿಂದು, ದುಡಿಮಿ ನಂದು. ಮರಿ ಅರ್ಧ ಅರ್ಧ. ಏನಂತೀ ಯವ್ವಾ?"

ನಾನು ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು "ಹೂಂನ್ರಿ ಮಾವ" ಎಂದೆ. ಮಗಳನ್ನು ಓದಿಸಬೇಕಿತ್ತು. ಅರ್ಜಿದಾರರ ಪಾಲು ತುಂಬಲು ಮಾವ ತಮ್ಮ ಹಟ್ಟಿಯಲ್ಲಿ ಉಳಿದಿದ್ದ ಹಳೆಯ ಕುರಿಗಳನ್ನೆಲ್ಲ ಮಾರಿದರು.

ನಮ್ಮ ಹಿತ್ತಲಲ್ಲಿ ಶೆಡ್ಡು ಎದ್ದಿತು. ಕುರಿ ಬಂದ ದಿನ ದನದ ಡಾಕ್ಟರು ಎಲ್ಲವುಗಳ ಎಡಗಿವಿಗೆ ಬಿಲ್ಲೆ ಒತ್ತಿದರು. ಮಾವ ಒಂದೊಂದನ್ನೇ ಹಿಡಿದುಕೊಟ್ಟರು. "ಹೆಣ್ಣು ಕುರಿಗೆ ಓಲಿ ಹಾಕಿದ್ರಿ, ಚಲೋ ಆತು. ಟಗರಿಗೂ ಓಲಿನೇ ಏನ್ರಿ ಡಾಕ್ಟ್ರ? ನಾಳೆ ಅದು ಕನ್ನಡಿ ಕೇಳಿದ್ರ ನಾ ಎಲ್ಲಿಂದ ತರ್ಲಿ?" ಎಂದರು. ಡಾಕ್ಟರಿಗೂ ನಗು ಬಂತು. ಅವರು ಹೋದ ಮೇಲೆ ಮಾವ ಚಾಕು ಕಾಯಿಸಿ, ಅದೇ ಎಡಗಿವಿಯ ತುದಿಯಲ್ಲಿ ತಮ್ಮ ಮನೆತನದ ಗುರುತು ಕೊಯ್ದರು. ಹುಣಸೆ ಬೀಜದಷ್ಟು ಒಂದು ಕಚ್ಚು, ಮೇಲೆ ಅರಿಶಿನ. ಸರ್ಕಾರದ ಬಿಲ್ಲೆ ಮತ್ತು ಅವರ ಕಚ್ಚು ಒಂದೇ ಕಿವಿಯಲ್ಲಿ.

ಕಾಗದ ನನ್ನ ಕೈಗೆ ಕೊಟ್ಟಿದ್ದರು. ಓದಿದೆ. ಮೂರು ವರ್ಷ ಕುರಿ ಮಾರಬಾರದು, ಶೆಡ್ಡು ಬಿಟ್ಟು ಬೇರೆ ಊರಿಗೆ ಹೊಡೆದುಕೊಂಡು ಹೋಗಬಾರದು, ಯಾವಾಗ ಬಂದರೂ ತೋರಿಸಬೇಕು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: ಕುರಿ ಸತ್ತರೆ ಕೂಡಲೇ ಡಾಕ್ಟರಿಗೆ ತಿಳಿಸಿ, ಬಿಲ್ಲೆ ಇರುವ ಕಿವಿಯನ್ನು ಕೊಯ್ದು ಒಪ್ಪಿಸಬೇಕು. ಬೇರೆ ಊರಿಗೆ ಹೊಡೆದುಕೊಂಡು ಹೋಗಬಾರದೆಂಬುದನ್ನು ಸಾಹೇಬರೇ ಬಾಯಿಬಿಟ್ಟು ಹೇಳಿದ್ದರು. ಕಿವಿಯ ಮಾತನ್ನು ಯಾರೂ ಹೇಳಲಿಲ್ಲ. ಮಾವನಿಗೆ ಅಕ್ಷರ ಬರುತ್ತಿರಲಿಲ್ಲ, ಓದಿದವಳು ನಾನೊಬ್ಬಳೇ.

ಆ ದೀಪಾವಳಿಯ ಮಾರನೆಯ ದಿನ ಬೇರೆ ಹಟ್ಟಿಯವರ ಕುರಿಗಳು ನಮ್ಮ ಓಣಿಯಲ್ಲೇ ಹಾದು ಹೋದವು. ಗಂಟೆ ಸದ್ದು ಕೇಳಿ ಶೆಡ್ಡಿನೊಳಗಿನವು ಒದರತೊಡಗಿದವು, ಬಾಗಿಲ ತಡಿಕೆಗೆ ಎದೆ ಕೊಟ್ಟು ನೂಕಿದವು. ಮಾವ ಹೆಗಲ ಮೇಲೆ ಕೋಲಿಟ್ಟುಕೊಂಡು, ದೂಳು ಕೂರುವವರೆಗೂ ಓಣಿಯಲ್ಲಿ ನಿಂತಿದ್ದರು. ಆಮೇಲೆ ಬಂದು ಗೋದಲಿಗೆ ಜೋಳದ ಸೊಪ್ಪೆ ಹಾಕುತ್ತ, "ಸರ್ಕಾರ ಇಪ್ಪತ್ತೊಂದು ಕೊಟ್ಟೀನಿ ಅಂತ ಬರಕೊಂಡೈತಿ. ಕಟ್ಟಿದ್ದು ಇಪ್ಪತ್ತೆರಡು ನೋಡವ್ವಾ" ಎಂದು ತಮ್ಮ ಎದೆ ತಟ್ಟಿಕೊಂಡರು.

ನಾನು ನಗಲಿಲ್ಲ. ನನ್ನನ್ನೂ ಸೇರಿಸಿದರೆ ಇಪ್ಪತ್ತಮೂರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗಂಡ ಹೋದ ಮೇಲೆ ಆ ಹಿತ್ತಲು ಬಿಟ್ಟು ನಾನೂ ಎಲ್ಲಿಗೂ ಹೋಗಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಬೇನೆ ಬಂತು. ಕುರಿಗಳ ಬಾಯಿ ಊದಿ, ನಾಲಿಗೆ ನೀಲಿಯಾಗಿ, ಮೇವು ಮುಟ್ಟದೆ ಹೋದವು. ಮಾವ ರಾಗಿ ಗಂಜಿ ಕಾಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ಆದರೂ ಒಂದೇ ವಾರದಲ್ಲಿ ನಾಲ್ಕು ಸತ್ತವು.

ಸತ್ತ ಕುರಿಯನ್ನು ಮಣ್ಣು ಮಾಡುವುದಕ್ಕೆ ಅವರ ಮನೆತನದಲ್ಲಿ ಒಂದು ರೀತಿ ಇತ್ತು. ಹಟ್ಟಿಯ ಹಿಂದಿನ ಬೇವಿನ ಮರದಡಿ ಕುಣಿ ತೋಡಿ, ಕಿವಿಯ ಕಚ್ಚಿಗೆ ಅರಿಶಿನ ಹಚ್ಚಿ, ತಲೆ ಹಟ್ಟಿಯ ಕಡೆ ಮಾಡಿ ಇಡುವರು. ಕಿವಿಯೇ ಅದರ ಮನೆಯ ಹೆಸರು, ಕಿವಿ ಇಲ್ಲದೆ ಹೋದ ಕುರಿಗೆ ತಿರುಗಿ ಬರಲು ಹಟ್ಟಿ ತಿಳಿಯುವುದಿಲ್ಲ ಎಂದು ನಂಬಿಕೆ. ಮೊದಲನೆಯದನ್ನು ಮಣ್ಣಿಗಿಟ್ಟ ದಿನ ಮಾವ ಅದರ ಕಿವಿ ಸವರುತ್ತ ಕೂತು ಮಕ್ಕಳ ಹಾಗೆ ಅಳುತ್ತಿದ್ದರು. ನಾನು ಗೋಡೆಯ ಈಚೆ ನಿಂತಿದ್ದೆ. ಕಾಗದದ ಮಾತು ನೆನಪಿತ್ತು. "ಮಾವ" ಎಂದು ಕರೆದೆ ಕೂಡ. ಅವರು ತಿರುಗಿ ನೋಡಿದರು. "ನೀರು ಬೇಕೇನ್ರಿ?" ಎಂದೆ.

ಅಷ್ಟೇ ಬಂದದ್ದು ನನ್ನ ಬಾಯಿಂದ. ಉಳಿದ ಮೂರಕ್ಕೂ ಅಷ್ಟೂ ಬರಲಿಲ್ಲ.

ಹತ್ತು ದಿನಕ್ಕೆ ಸಾಹೇಬರೂ ಡಾಕ್ಟರೂ ಜೀಪಿನಲ್ಲಿ ಬಂದರು. ಬಿಲ್ಲೆಯ ಕುರಿ ಎಣಿಸಿದರೆ ಹದಿನೇಳು. ಓಣಿಯಲ್ಲಿ ಜನ ಸೇರಿದರು. "ಕೊಟ್ಟೂರು ಸಂತಿ ದಾರಿ ಹಿಡಿದಾವ ಬಿಡ್ರಿ" ಎಂದು ಯಾರೋ ನಕ್ಕರು. ಸಾಹೇಬರು ನನ್ನ ಹೆಸರು ಕೂಗಿ ಹೊರಗೆ ಕರೆದರು. ಅಷ್ಟು ಗಂಡಸರ ಎದುರು ನನ್ನ ಹೆಸರನ್ನು ಅದುವರೆಗೂ ಯಾರೂ ಕೂಗಿರಲಿಲ್ಲ.

"ಸತ್ತಿದ್ರ ಕಿವಿ ತೋರಸ್ರಿ. ಇಲ್ಲಾಂದ್ರ ಮಾರಿದ್ರು ಅಂತ ಬರೀಬೇಕಾಗ್ತೈತಿ. ಶೆಡ್ಡು, ಕುರಿ ಎಲ್ಲಾ ವಾಪಸ್ ಹೋಗ್ತಾವ, ನಿಮ್ಮ ಹೆಸರು ಪಂಚಾಯ್ತಿ ಗೋಡಿ ಮ್ಯಾಲೆ ಬರ್ತೈತಿ. ನಾಳಿ ತನಕ ಟೈಮ್ ಕೊಡ್ತೀನಿ."

ಜೀಪು ಹೋಯಿತು. ಜನ ಕರಗಿದರು. ಮಾವ ನನ್ನ ಹತ್ತಿರ ಬಂದು, ದನಿ ಎತ್ತದೆ ಕೇಳಿದರು.

"ಇದು ಕಾಗದದಾಗ ಇತ್ತೇನವ್ವಾ?"

"ಇತ್ರಿ."

"ನೀ ಓದಿದ್ದಿಯಲ್ಲಾ?"

"ಹೂಂನ್ರಿ."

"ಮತ್ತ ಯಾಕ ಹೇಳಲಿಲ್ಲ?"

ನಾನು ಬಗ್ಗಿ, ಚೆಲ್ಲಿದ್ದ ಸೊಪ್ಪೆ ಆರಿಸತೊಡಗಿದೆ. ಅವರು ಗೋಡೆಗೆ ಆನಿಸಿದ್ದ ಸಲಿಕೆ ತೆಗೆದುಕೊಂಡರು.

"ಮಾವ, ಬ್ಯಾಡ್ರಿ. ಕುರಿ ಹೊಡಕೊಂಡು ಹೋಗ್ಲಿ ಬಿಡ್ರಿ" ಎಂದೆ.

"ಕುರಿ ಹೋದ್ರ ಹೋಗ್ಲಿ. ನಿನ್ನ ಕಳ್ಳಿ ಅಂತಾರಲ್ಲವ್ವಾ, ಅದನ್ನ ಏನ್ ಮಾಡ್ಲಿ?" ಎಂದು ಬೇವಿನ ಮರದ ಕಡೆ ನಡೆದರು.

ಬಿಸಿಲಿನಲ್ಲಿ ನಾಲ್ಕೂ ಕುಣಿ ತೋಡಿದರು. ಗೋಡೆಯ ಈಚೆ ಸಲಿಕೆಯ ಸದ್ದು ಕೇಳುತ್ತಿತ್ತು, ನಡುವೆ ನಿಲ್ಲುತ್ತಿತ್ತು… ಮತ್ತೆ ಕೇಳುತ್ತಿತ್ತು. ಕಿವಿಗಳನ್ನು ಉಪ್ಪು ಹಾಕಿ ಬಟ್ಟೆಯಲ್ಲಿ ಕಟ್ಟಿ ತಂದರು.

ಮಾರನೆಯ ದಿನ ಡಾಕ್ಟರು ಮೂಗು ಮುಚ್ಚಿಕೊಂಡು ನಂಬರು ಬರೆದುಕೊಂಡರು. ನನ್ನ ಹೆಸರು ಉಳಿಯಿತು. "ಇವು ನಾರತಾವ, ತಗೊಂಡ್ಹೋಗ್ರಿ" ಎಂದು ಗಂಟನ್ನು ವಾಪಸ್ ಕೊಟ್ಟರು. ಮಾವ ಪ್ರತಿ ಕಿವಿಯಿಂದ ಬಿಲ್ಲೆ ಬಿಡಿಸಿ ನಮ್ಮ ಗೋಡೆಯ ಮೇಲೆ ಸಾಲಾಗಿ ಇಟ್ಟರು. "ತಗಡು ಸರ್ಕಾರದ್ದು, ಕಿವಿ ಅವುಗಳದ್ದು" ಎಂದು ಕಿವಿಗಳನ್ನು ಮತ್ತೆ ಮಣ್ಣಿಗೆ ಕೊಟ್ಟರು. ಆದರೆ ಯಾವ ಕಿವಿ ಯಾವ ಕುರಿಯದೆಂದು ಅವರಿಗೂ ತಿಳಿಯಲಿಲ್ಲ. ಮರದ ಬುಡದಲ್ಲಿ ನಾಲ್ಕನ್ನೂ ಒಟ್ಟಿಗೆ ಇಟ್ಟರು.

ಮೂರು ವರ್ಷ ತುಂಬಿದ ಮೇಲೆ ಸಾಹೇಬರು, ಇನ್ನು ಕುರಿಗಳನ್ನು ಎಲ್ಲಿಗಾದರೂ ಹೊಡೆದುಕೊಂಡು ಹೋಗಬಹುದು ಎಂದರು. ಆ ದೀಪಾವಳಿಗೆ ಮಾವ ಕಂಬಳಿ ಝಾಡಿಸಿ, ಕೋಲಿಗೆ ಎಣ್ಣೆ ಹಚ್ಚಿ, ತಡಿಕೆ ತೆಗೆದರು. ಕೆರೆ ಏರಿಯವರೆಗೆ ಹೋದ ಕುರಿಗಳು ಅಲ್ಲಿ ನಿಂತವು. ಟಾರು ರಸ್ತೆ ನೋಡಿ ಬೆದರಿ, ತಿರುಗಿ ಓಡಿ ಬಂದು ಗೋದಲಿಗೆ ಬಾಯಿ ಹಾಕಿದವು. ಶೆಡ್ಡಿನಲ್ಲೇ ಹುಟ್ಟಿದ ಮರಿಗಳಿಗೆ ದಾರಿಯೇ ಗೊತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಾವ ಒಬ್ಬರೇ ಬಂದರು. "ಓದಿದ ಕುರಿ ನೋಡವ್ವಾ, ಕಾನೂನು ಮೀರಂಗಿಲ್ಲ" ಎಂದು ನಕ್ಕರು. ಆ ನಗುವನ್ನು ಮತ್ತೊಮ್ಮೆ ನೆನೆಯಲು ನನಗಾಗುವುದಿಲ್ಲ.

ಆ ಕುರಿಗಳ ಮರಿಗಳಿಂದಲೇ ನಿಮ್ಮ ಅಮ್ಮ ಕಾಲೇಜು ಮುಗಿಸಿದಳು. ಅದನ್ನು ಮರೆಯಬಾರದು. ಮಾವ ಒಂದು ಬೇಸಿಗೆಯಲ್ಲಿ, ಶೆಡ್ಡಿನ ನೆರಳಲ್ಲಿ ಮಲಗಿದವರು ಏಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನ್ನನ್ನು ಅವರು ಎರಡನೆಯ ಸಲ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ…

ಈಗ ಹಟ್ಟಿ ಇಲ್ಲ, ಬೇವಿನ ಮರವೂ ಇಲ್ಲ. ಆ ಜಾಗದಲ್ಲಿ ಯಾರದೋ ಮನೆಯ ಸಿಮೆಂಟಿನ ಅಂಗಳ. ಗೋಡೆಯ ಮೇಲಿಂದ ಮೂರು ಬಿಲ್ಲೆ ಯಾವಾಗಲೋ ಬಿದ್ದು ಹೋದವು. ಒಂದನ್ನು ನಾನು ಎತ್ತಿಟ್ಟುಕೊಂಡಿದ್ದೆ.

ಈ ಹಾಳೆಗಳ ಮಡಿಕೆಯಲ್ಲೇ ಅದನ್ನು ಇಟ್ಟಿದ್ದೇನೆ, ಗುಂಡಿ ಡಬ್ಬಿಯಲ್ಲಿ ಹುಡುಕಬೇಡಿ. ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದ್ದರಲ್ಲ. ಅಳುತ್ತ ಕೂತವರ ಎದುರು ಹೋಗಿ ಕಿವಿ ಕೊಯ್ಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟೇ. ಅವರಿಗೆ ಹೇಳಬೇಕಾಗಿದ್ದದ್ದು ಇಲ್ಲಿ ಮಾತ್ರ ಇದೆ. ಕಳೆಯಬೇಡಿ, ಜೋಪಾನವಾಗಿಡಿ.