ಉಡಿಯಲ್ಲಿ ಹೋದ ಮಿಂಚುಳ್ಳಿ

ನೀವಿಬ್ಬರೂ ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆ ಕೂಡಿಸಲು ಶುರು ಮಾಡಿದ್ದೀರೆಂದು ನಿಮ್ಮ ಅಕ್ಕ ಹೇಳಿದಳು. ಸದ್ಯಕ್ಕೆ ಮೂರು ಇವೆಯಂತೆ. ಮೂರನೆಯದಕ್ಕೆ ಹಿಂದಿನ ಮೊಳೆಯೇ ಇಲ್ಲವಂತೆ, ಅದಕ್ಕೆ ಬದಲಾಗಿ ನೀವು ಒಬ್ಬ ಹುಡುಗನಿಗೆ ಹೊಸ ಕಂಪಾಸು ಪೆಟ್ಟಿಗೆ ಕೊಟ್ಟು ಬಂದಿರಂತೆ. ಆ ಹುಡುಗ ಜಾಣ, ಅವನಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ಆದ್ದರಿಂದ ಅಜ್ಜಿಯಾದ ನಾನು ನಿಮಗೆ ಬರೆಯುತ್ತಿದ್ದೇನೆ.

ಬಾಯಿಂದಲೇ ಹೇಳಬಹುದಿತ್ತು. ಆದರೆ ನಾನು ನಾಲ್ಕು ಮಂದಿಯ ಮುಂದೆ ಮಾತಾಡುವವಳಲ್ಲ. ನಿಮ್ಮಿಬ್ಬರ ಮುಂದೆಯೂ ಅಷ್ಟೇ. ನಾನು ಎರಡು ಮಾತು ಮುಗಿಸುವುದರೊಳಗೆ ನೀವು ಎಂಟು ಪ್ರಶ್ನೆ ಕೇಳಿ ಹೊರಗೆ ಆಡಲು ಓಡಿರುತ್ತೀರಿ. ಊರ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಳೆ ನಡುವೆ ಬಾಯಿ ಹಾಕುವುದಿಲ್ಲ.

ಬಿಲ್ಲೆ ಕೈಗೆ ಬಂದ ಕೂಡಲೇ ಮುಂದಿನ ಚಿತ್ರ ನೋಡಿ ಕುಣಿಯಬೇಡಿ. ಮೊದಲು ಮಗುಚಿ ಹಿಂದೆ ನೋಡಿ. ಮೊಳೆ ಒಂದೇ ಇದ್ದರೆ ಬಿಲ್ಲೆ ಅಂಗಿಯ ಮೇಲೆ ತಿರುಗುತ್ತದೆ, ಹಕ್ಕಿ ತಲೆಕೆಳಗಾಗುತ್ತದೆ. ಎರಡಿದ್ದರೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಮುಂದಿನ ಬಣ್ಣದ ಮೇಲೆ ಉಗುರು ಆಡಿಸಿ. ಲೋಹದ ಗೆರೆಗಳು ಉಗುರಿಗೆ ತಡೆದರೆ ಅದು ಮೆತ್ತನೆಯ ಎನಾಮಲ್. ಗಾಜಿನ ಬಳೆಯಂತೆ ಜಾರಿದರೆ ಗಟ್ಟಿಯದು, ಅದಕ್ಕೆ ಬೆಲೆ ಹೆಚ್ಚು. ಇದೆಲ್ಲ ನನಗೆ ನಿಮ್ಮ ಅಕ್ಕ ಕಲಿಸಿದ್ದು. ನಾನೇ ಕಲಿತದ್ದು ಒಂದೇ: ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ತಾಮ್ರದ ತಂಬಿಗೆಯಂತೆ ಹೊಳೆಯಲಿ ಎಂದು ಒಮ್ಮೆ ತಿಕ್ಕಿದೆ. ಬಂಗಾರದ ಬಣ್ಣವೆಲ್ಲ ನನ್ನ ಬೆರಳಿಗೆ ಬಂತು, ಬಿಲ್ಲೆಗೆ ಏನೂ ಉಳಿಯಲಿಲ್ಲ. ನಿಮ್ಮ ಅಕ್ಕ ಒಂದು ದಿನ ನನ್ನ ಸಂಗಡ ಮಾತಾಡಲಿಲ್ಲ.

ಆದರೂ ಆಕೆಗೆ ನನ್ನ ಮೇಲೆ ನಂಬಿಕೆ ಇತ್ತು. ಅದರ ಕಥೆಯೇ ಇದು. ಆಗ ನೀವು ಇನ್ನೂ ಬಿಲ್ಲೆಯನ್ನು ಬಾಯಲ್ಲಿ ಹಾಕಿಕೊಳ್ಳುವ ವಯಸ್ಸಿನವರು.

ಮೂಡಲಗಿಯಲ್ಲಿ ನಿಮ್ಮ ಅಕ್ಕನಿಗೆ ಒಬ್ಬ ಗೆಳತಿ ಇದ್ದಾಳಲ್ಲ, ಮೊದಲು ಗೋಕಾಕದ ಸಾಲೆಯಲ್ಲಿ ಇವಳ ಬಾಜೂಕ್ಕೇ ಕೂಡುತ್ತಿದ್ದವಳು. ಅಪ್ಪನ ಅಂಗಡಿ ಮೂಡಲಗಿಗೆ ಹೋದ ಮೇಲೆ ಅವಳೂ ಹೋದಳು. ಅಲ್ಲಿ ಇನ್ನೂ ಮೂವರನ್ನು ಸೇರಿಸಿಕೊಂಡು ಬಿಲ್ಲೆ ಬದಲು ಮಾಡುವ ಒಂದು ಗುಂಪು ಕಟ್ಟಿದಳು. ಭಾನುವಾರಕ್ಕೊಮ್ಮೆ ನಿಮ್ಮ ಅಕ್ಕನೂ ಬಸ್ಸು ಹತ್ತುತ್ತಿದ್ದಳು. ಜೊತೆಗೆ ನಾನು. ಒಬ್ಬಳನ್ನೇ ಕಳಿಸಲು ನಿಮ್ಮ ತಾಯಿ ಒಪ್ಪುತ್ತಿರಲಿಲ್ಲ.

ಆ ಗೆಳತಿಯ ಹತ್ತಿರ ಒಂದು ಮಿಂಚುಳ್ಳಿ ಇತ್ತು. ಹೆಬ್ಬೆರಳಿನಷ್ಟು ಉದ್ದ, ಗಟ್ಟಿ ಎನಾಮಲ್ಲಿನದು, ಬೆನ್ನಿನ ನೀಲಿ ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಅದಕ್ಕೆ ಅವಳು ಎರಡು ಬಿಲ್ಲೆ ಕೇಳಿದಳು. ನಿಮ್ಮ ಅಕ್ಕ ಯಾವ ಎರಡು ಕೊಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು. ಆ ಹುಡುಗಿ ನಕ್ಕು ಮಿಂಚುಳ್ಳಿಯನ್ನು ಇವಳ ಕೈಯಲ್ಲೇ ಇಟ್ಟಳು.

"ಎಂಟ ದಿನಾ ಮನಿಯಾಗ ಇಟ್ಕೊಂಡ ನೋಡ. ಬೇಕಂದ್ರ ಮುಂದಿನ ಐತವಾರ ಎರಡ ಕೊಡು. ಬ್ಯಾಡಂದ್ರ ಇದನ್ನ ತಿರಿಗಿ ಕೊಡು."

ನಿಮ್ಮ ಅಕ್ಕ ಅದನ್ನು ತಂದು ನನಗೆ ಕೊಟ್ಟಳು. "ಆಯಿ, ನೀ ಇಡು. ನನ್ನ ಚೀಲದಾಗ ಕಳೀತೈತಿ." ನಾನು ದೊಡ್ಡ ಉಪಾಯ ಮಾಡಿದೆ. ನನ್ನ ಟ್ರಂಕಿನಲ್ಲಿ ಕುಪ್ಪಸಕ್ಕಾಗುವ ಒಂದು ಹೊಸ ಹಸಿರು ಖಣ ಇತ್ತು. ಅವಳ ಆರು ಒಳ್ಳೆಯ ಬಿಲ್ಲೆಗಳನ್ನು ಆಗಲೇ ಅದರೊಳಗೆ ಚುಚ್ಚಿ ಇಟ್ಟಿದ್ದೆ. ಏಳನೆಯದಾಗಿ ಮಿಂಚುಳ್ಳಿಯನ್ನೂ ಚುಚ್ಚಿ, ಖಣ ಮಡಚಿ, ಉಳಿದ ಖಣಗಳ ಮೇಲೆಯೇ ಇಟ್ಟೆ. ಮಂದಿಯ ಬಿಲ್ಲೆಯನ್ನು ನಿಮ್ಮ ಬಿಲ್ಲೆಯ ಜೊತೆ ಎಂದೂ ಇಡಬೇಡಿ ಎಂದು ನಾನು ಈಗ ಹೇಳುವುದು ಇದಕ್ಕೇ.

ಬುಧವಾರ ದಡ್ಡಿ ಊರಿಂದ ನಿಮ್ಮ ಚಿಗವ್ವ ಬಂದಳು, ನಿಮ್ಮ ತಾಯಿಯ ಚಿಕ್ಕಪ್ಪನ ಮಗಳು. ಊಟ ಮಾಡಿ, ಬಸ್ಸಿನ ಹೊತ್ತಾಯಿತೆಂದು ಎದ್ದಳು. ಮನೆಗೆ ಬಂದ ಮುತ್ತೈದೆಯನ್ನು ಬರೀ ಸೆರಗಿನಲ್ಲಿ ಕಳಿಸುವುದು ಹೇಗೆ? ನಿಮ್ಮ ತಾಯಿ ಗಡಿಬಿಡಿಯಲ್ಲಿ ನನ್ನ ಟ್ರಂಕು ತೆಗೆದು ಮೇಲಿನ ಖಣ ಎತ್ತಿಕೊಂಡು ಉಡಿ ತುಂಬಿದಳು. ಖಣದ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಕೊಬ್ಬರಿ ಬಟ್ಟಲು. ನಿಮ್ಮ ಅಜ್ಜ ಹೋದ ಮೇಲೆ ಉಡಿ ತುಂಬುವ ಹೊತ್ತಿಗೆ ನಾನು ಅಡುಗೆಮನೆಗೆ ಸರಿಯುತ್ತೇನೆ. ಆಚೆ ಹೋಗು ಎಂದು ಯಾರೂ ಹೇಳಿಲ್ಲ, ನಾನೇ ಸರಿಯುತ್ತೇನೆ. ಅಂದು ಸರಿಯದೆ ಇದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಗುರುವಾರ ನಿಮ್ಮ ಅಕ್ಕ ಟ್ರಂಕು ತೆಗೆದಳು. ಆಮೇಲಿನ ಗದ್ದಲ ಬರೆಯುವುದಿಲ್ಲ.

"ಖಣಾ ಭಾರ ಇತ್ತರಿ ಅತ್ತಿ," ಎಂದಳು ನಿಮ್ಮ ತಾಯಿ. "ನೀವು ಚೊಲೊ ದಪ್ಪಂದು ತಂದೀರಿ ಅನ್ಕೊಂಡೆ."

ದಡ್ಡಿಗೆ ಫೋನು ಹಚ್ಚಿದಳು. ಇವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ನಿಮ್ಮ ಚಿಗವ್ವನ ದನಿ ಇಡೀ ಪಡಸಾಲೆಗೆ ಕೇಳಿತು.

"ಅಕ್ಕಾ, ಉಡ್ಯಾಗ ಬಿಲ್ಲಿ ಇಟ್ಟ ಕಳಸೀಯಲ್ಲ, ಗೋಕಾಕದಾಗ ಹೊಸಾ ಪದ್ಧತಿ ಬಂದೈತೇನ? ಭಾಳ ಚೊಲೊ ಆತ ನೋಡು. ಮನಿಮಂದಿಗೆಲ್ಲಾ ಒಂದೊಂದ ಹಂಚೀನಿ."

ನಿಮ್ಮ ತಾಯಿ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು. "ಹೂಂ," ಎಂದಳು, "ಹೊಸಾದು ಬಂದೈತಿ." ಫೋನು ಇಟ್ಟಳು.

"ಯವ್ವಾ, ಕೇಳು ಅಂದ್ರ ಹೂಂ ಅಂತೀಯಲ್ಲ."

"ಉಡ್ಯಾಗ ಹಾಕಿದ್ದನ್ನ ತಿರಿಗಿ ಕೇಳಾಕ ಬರ್ತೈತೇನ? ಕೇಳಿದವ್ರನ್ನ ಎಲ್ಲಾದ್ರೂ ಕಂಡೀಯೇನ?"

ಅದು ನಿಜ. ಕೊಟ್ಟ ಸಾಲವನ್ನು ಕೇಳಬಹುದು, ತುಂಬಿದ ಉಡಿಯನ್ನು ಕೇಳುವಂತಿಲ್ಲ. ನಿಮ್ಮ ಅಕ್ಕ ಗೋಡೆಗೆ ಮುಖ ಮಾಡಿ ಕುಳಿತಳು. ತನ್ನ ಆರು ಬಿಲ್ಲೆಗಳಿಗಾಗಿ ಅಲ್ಲ. "ಅಕಿ ನನ್ನ ನಂಬಿ ಕೊಟ್ಟಾಳ, ಆಯಿ. ಐತವಾರ ಬರಿಗೈಲೆ ಹೋದ್ರ ನಾಳಿಂದ ಯಾರೂ ನನ್ನ ಮುಂದ ಡಬ್ಬಿ ತೆರಿಯಂಗಿಲ್ಲ." ಅವಳು ಕೊಟ್ಟ ಮಾತು ನನ್ನ ಟ್ರಂಕಿನಿಂದ ಎದ್ದು ಹೋಗಿತ್ತು. ಅದನ್ನು ತರಬೇಕಾದವಳು ನಾನೇ.

ಕೇಳುವಂತಿಲ್ಲ ಎಂದ ಮೇಲೆ ಉಳಿದದ್ದು ಬದಲು ಮಾಡಿಕೊಳ್ಳುವುದು. ಅವಳ ಹತ್ತಿರ ಇನ್ನೂ ನಾಲ್ಕು ಬಿಲ್ಲೆ ಉಳಿದಿದ್ದವು: ಸೈಕಲ್ಲು, ಚಹದ ಬಸಿ, ಸೂರ್ಯಕಾಂತಿ, ಬೆಕ್ಕು. ಅವನ್ನು ತೆಗೆದುಕೊಂಡು ನಾವಿಬ್ಬರೂ ದಡ್ಡಿಗೆ ಹೊರಡುವಾಗ ನಿಮ್ಮ ತಾಯಿ ಬಾಗಿಲವರೆಗೆ ಬಂದು ಪಿಸುಮಾತಿನಲ್ಲಿ ಹೇಳಿದಳು: "ಅತ್ತಿ, ಮಂದೀದನ್ನ ಉಡಿ ತುಂಬಿದ್ರು ಅಂತ ಮಾತ್ರ ಗೊತ್ತಾಗೂದು ಬ್ಯಾಡ್ರಿ. ಬೀಗರ ಮನಿಯಾಗ ನನ್ನ ಮಾನಾ ಹೋಗ್ತೈತಿ." ನಾನು ಹೂಂ ಎಂದೆ.

ಶನಿವಾರ ಹುಕ್ಕೇರಿಗೆ ಒಂದು ಬಸ್ಸು, ಅಲ್ಲಿಂದ ದಡ್ಡಿಗೆ ಇನ್ನೊಂದು. ಬಾಗಿಲಲ್ಲೇ ನಿಮ್ಮ ಚಿಗವ್ವ ಸಿಕ್ಕಳು. ಸೈಕಲ್ಲಿನ ಜೊತೆಗಾರ ಬಿಲ್ಲೆ, ಟಾಂಗಾದ್ದು, ಅವಳ ಭುಜದ ಮೇಲೆ ಸೆರಗನ್ನು ಹಿಡಿದಿತ್ತು. ಇನ್ನೊಂದು ಬಾಗಿಲ ಪರದೆಗೆ, ಇನ್ನೊಂದು ಅವಳ ಮಗನ ಟೊಪ್ಪಿಗೆಗೆ. ನಿಮ್ಮ ಅಕ್ಕನಿಗೆ ಜೀವವಾಗಿದ್ದ ವಿಮಾನವು ಅಂಗಳದಲ್ಲಿ ಕಟ್ಟಿದ್ದ ಟಗರಿನ ಕೊರಳಪಟ್ಟಿಯಲ್ಲಿತ್ತು. ಟಗರು ತಲೆ ಅಲ್ಲಾಡಿಸಿದಾಗೆಲ್ಲ ಅದು ಹಾರಲು ನೋಡುತ್ತಿತ್ತು. ಅಕ್ಕ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಇದ್ದಿದ್ದರೆ ಒಡೆಯುತ್ತಿದ್ದವು.

ಮಿಂಚುಳ್ಳಿ ಇದ್ದದ್ದು ಕಟ್ಟೆಯ ಮೇಲೆ, ಚಿಗವ್ವನ ಮಾವ ತಲೆಗೆ ಸುತ್ತಿದ್ದ ಕೆಂಪು ರುಮಾಲಿನಲ್ಲಿ. ಜೀವಮಾನವೆಲ್ಲ ಕುರಿ ಕಾಯ್ದು, ಕುರಿ ಮಾರಿ, ಈಗ ಮೊಣಕಾಲು ಹಿಡಿದುಕೊಂಡು ಕೂತಿರುವ ಮುದುಕ. ಯಾರಾದರೂ ಬಂದು ವ್ಯಾಪಾರ ಮಾಡಲಿ ಎಂದು ದಾರಿ ಕಾಯುತ್ತಿದ್ದನೇನೋ.

ನಾನು ಒಳಗೆ ಬಾಗಿಲ ಮರೆಯಲ್ಲಿ ಕುಳಿತೆ. ನಿಮ್ಮ ಅಕ್ಕ ಹೋಗಿ ಅವನ ಮುಂದೆ ಇಡೀ ಡಬ್ಬಿ ತೆರೆದಿಟ್ಟಳು. ಹೊಸಬರು ಮಾಡುವುದೇ ಇದನ್ನು. ನೀವು ಮಾಡಬೇಡಿ.

"ಅಜ್ಜಾರ, ನಿಮ್ಮ ರುಮಾಲಿನ್ಯಾಗಿಂದು ನನಗ ಕೊಡ್ರಿ, ಇವನ್ನೆಲ್ಲಾ ನೀವ ಇಟ್ಕೋರಿ."

ಮುದುಕ ಡಬ್ಬಿ ನೋಡಿದ, ಹುಡುಗಿಯನ್ನು ನೋಡಿದ, ರುಮಾಲು ತೆಗೆದು ಮಿಂಚುಳ್ಳಿಯನ್ನು ಮೊದಲ ಸಲವೆಂಬಂತೆ ನೋಡಿದ. "ನಾಕಕ್ಕ ಒಂದು. ಹಂಗಾದ್ರ ಇದು ಭಾರೀ ಮಾಲು." ಕಂಬಳಿಯ ಚುಂಗನ್ನು ತನ್ನ ಕೈ ಮೇಲೆ ಎಳೆದುಕೊಂಡ. "ಕೈ ಕೊಡವಾ ತಂಗಿ. ಬಾಯಿಲೆ ವ್ಯಾಪಾರ ಮಾಡೂದು ಭಾಂಡಿ ಮಾರವ್ರು. ಕುರಿ ಸಂತ್ಯಾಗ ಬೆರಳಿಲೆ ಮಾತಾಡ್ತೇವಿ."

ಕಂಬಳಿಯ ಕೆಳಗೆ ಒಂದು ಬೆರಳು ಹಿಡಿದರೆ ಒಂದು ಬಿಲ್ಲೆ. ಸುತ್ತ ಕೂತವರಿಗೆ ಏನು ನಡೆದಿದೆ ಎಂದು ಗೊತ್ತಾಗುವುದಿಲ್ಲ. ಆಮೇಲೆ ಅಕ್ಕನೇ ನನಗೆ ಹೇಳಿದ್ದು: ಅವಳು ನಾಲ್ಕು ಬೆರಳು ಹಿಡಿದಳು. ಅವನು ಅಡ್ಡಡ್ಡ ತಲೆಯಾಡಿಸಿ ಅವಳ ಐದೂ ಬೆರಳು ಹಿಡಿದ. ಮತ್ತೆ ನಾಲ್ಕು, ಮತ್ತೆ ಐದು. ಇಲ್ಲದ ಐದನೆಯದನ್ನು ಎಲ್ಲಿಂದ ತರುವುದು? ಅವಳ ಕಣ್ಣು ತುಂಬಿ ಬಂದವು. ಮುದುಕನಿಗೆ ಅದು ಕಾಣಲಿಲ್ಲ. ಬಹಳ ದಿನಗಳ ಮೇಲೆ ವ್ಯಾಪಾರಕ್ಕೆ ಕೂತಿದ್ದ, ಖುಷಿಯಲ್ಲಿದ್ದ.

ನಾನು ಎದ್ದೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲವರೆಗೆ ಬಂದೆ. ಪರ ಗಂಡಸಿನ ಜೊತೆ ಮಾತಾಡುವುದು ನನಗೆ ಈಗಲೂ ರೂಢಿಯಿಲ್ಲ. ಸೊಸೆಗೆ ಹೂಂ ಎಂದದ್ದೂ ನೆನಪಿತ್ತು. ಒಂದು ಕಡೆ ಅವಳ ಮಾನ, ಇನ್ನೊಂದು ಕಡೆ ಅವಳ ಮಗಳು ಕೊಟ್ಟ ಮಾತು.

"ಅಣ್ಣಾರ," ಎಂದೆ, "ಅದು ನಮ್ಮದಲ್ಲರಿ. ಮೂಡಲಗಿ ಹುಡುಗೀದು. ನೋಡಾಕಂತ ಇಟ್ಕೊಂಡಿದ್ವಿ. ತಪ್ಪಿ ಉಡ್ಯಾಗ ಬಂದೈತಿ."

ಮುದುಕ ಕೈ ಬಿಟ್ಟ. ಬಿಲ್ಲೆಯನ್ನು ಮಗುಚಿ ಕಣ್ಣಿನ ಹತ್ತಿರ ಹಿಡಿದ. ಹಿಂದೆ, ಎರಡು ಮೊಳೆಗಳ ನಡುವೆ, ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ.

"ಇದ ಅಕಿ ಗುರುತೇನ?"

ಅಕ್ಕ ಹೌದೆಂದು ತಲೆಯಾಡಿಸಿದಳು. ಆ ಹುಡುಗಿ ತನ್ನ ಎಲ್ಲ ಬಿಲ್ಲೆಗಳಿಗೂ ಆ ಚುಕ್ಕೆ ಇಡುತ್ತಾಳೆ.

"ಗುರುತ ಇದ್ದ ಮಾಲಿಗೆ ಇಷ್ಟೊತ್ತ ಬೆರಳ ಹಿಡಿಸಿಕೊಂಡ ಕುಂತೀರಲ್ಲ," ಎಂದ ಮುದುಕ. ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಮಂದಿ ಕುರಿ ನಮ್ಮ ಹಿಂಡಿನ್ಯಾಗ ಬಂದ್ರ ನಾವು ಅದನ್ನ ಮಾರೂದಿಲ್ಲ, ಬದ್ಲೀನೂ ಮಾಡೂದಿಲ್ಲ. ಗುರುತ ನೋಡಿ ಅವರ ಮನಿಗೆ ಹೊಡಕೊಂಡ ಹೋಗಿ ಬಿಡ್ತೇವಿ. ಉಡಿ ಅಂದ್ರೇನು, ನಿಮ್ಮದ ಅಲ್ಲಾದ್ದನ್ನ ನೀವು ಉಡಿ ತುಂಬಾಕ ಹೆಂಗ ಬರ್ತೈತಿ? ಅದು ತುಂಬೇ ಇಲ್ಲ. ತಗೋ."

ಅಷ್ಟೇ. ನಾವು ಎರಡು ದಿನ ತಲೆ ಕೆಡಿಸಿಕೊಂಡದ್ದನ್ನು ಅವನು ಕಂಬಳಿ ಕೊಡವಿದಂತೆ ಮುಗಿಸಿದ. ನಿಮ್ಮ ಚಿಗವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಅಕ್ಕ ಏನಂದ್ಲು? ಹೊಸಾ ಪದ್ಧತಿ ಬಂದೈತಿ ಅಂದ್ಲು. ನಾ ಓಣಿ ತುಂಬ ಹೇಳಿ ಬಂದೇನಿ." ಭುಜದ ಟಾಂಗಾ ಬಿಚ್ಚುತ್ತಾ, "ಹಂಗಾದ್ರ ಉಳದಿದ್ದೂ ಒಯ್ಯಿ ಮಗಳ," ಎಂದಳು.

"ಅವು ನಮ್ಮವ ಇದ್ವು," ಎಂದೆ ನಾನು. "ಅವು ಉಡೀನ. ಇರಲಿ."

ಬಾಯಿ ತೆರೆದದ್ದೇ ತಡ, ಎಲ್ಲ ಕೂಡಿಯೇ ಬಂತು. ನಿಮ್ಮ ಅಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ವಿಮಾನದ ಕಡೆ ನೋಡಿ ಇನ್ನೊಮ್ಮೆ ಜಗ್ಗಿದಳು. ನಾನು ತಿರುಗಿ ನೋಡಲಿಲ್ಲ. ಮನೆಗೆ ಬಂದು ನಿಮ್ಮ ತಾಯಿಗೆ ನಡೆದದ್ದು ಹೇಳಿದಾಗ ಅವಳು ಒಂದು ತಾಸು ಪಾತ್ರೆಗಳ ಜೊತೆ ಜೋರಾಗಿ ಮಾತಾಡಿದಳು. ಆಮೇಲೆ ತಂಗಿಯ ಫೋನು ಬಂತು. ಇಬ್ಬರೂ ನಕ್ಕರು. ನನಗೆ ಚಹ ಸಿಕ್ಕಿತು.

ಭಾನುವಾರ ಮೂಡಲಗಿಯಲ್ಲಿ ನಾಲ್ವರು ಹುಡುಗಿಯರು ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ನಿಮ್ಮ ಅಕ್ಕ ಸೈಕಲ್ಲು, ಸೂರ್ಯಕಾಂತಿ ಎರಡನ್ನು ಕೊಟ್ಟು ಮಿಂಚುಳ್ಳಿಯನ್ನು ತನ್ನದಾಗಿಸಿಕೊಳ್ಳುವ ಲೆಕ್ಕ ಹಾಕಿದ್ದಳು. ಆದರೆ ಮೊದಲು ಬಿಲ್ಲೆಯನ್ನು ಗೆಳತಿಯ ಅಂಗೈಯಲ್ಲಿಟ್ಟು ಎಲ್ಲ ಹೇಳಿದಳು: ಖಣ, ಉಡಿ, ರುಮಾಲು, ಕಂಬಳಿಯ ಕೆಳಗಿನ ಬೆರಳು, ಟಗರಿನ ಕೊರಳಲ್ಲಿ ವಿಮಾನ. ಹೇಳುತ್ತಾ ಹೇಳುತ್ತಾ ಅವಳಿಗೆ ರಂಗು ಏರಿತು. ಎದ್ದು ನಿಂತು ಮುದುಕನಂತೆ ತಲೆಯಾಡಿಸಿ ತೋರಿಸಿದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಹುಡುಗಿ ಬಿಲ್ಲೆಯನ್ನು ಮೂಸಿ ನೋಡಿದಳು. "ಇನ್ನೂ ಕುರಿ ವಾಸನಿ ಐತಿ," ಎಂದು ಅದನ್ನು ತನ್ನ ಅಂಗಿಗೆ ಚುಚ್ಚಿಕೊಂಡಳು.

"ಎರಡು ತಂದೇನಿ ನೋಡ," ಎಂದಳು ನಿಮ್ಮ ಅಕ್ಕ.

"ಇನ್ನ ಇದನ್ನ ಕೊಡಂಗಿಲ್ಲ. ಹ್ವಾದ ವಾರ ಇದು ಬರೇ ಮಿಂಚುಳ್ಳಿ ಇತ್ತು. ಈಗ ರುಮಾಲಿನ ಮ್ಯಾಲೆ ಕುಂತ ಊರ ನೋಡಿ ಬಂದೈತಿ."

ಉಳಿದವರೂ ಅವಳದೇ ಸರಿ ಎಂದರು. ನಿಮ್ಮ ಅಕ್ಕ ತಾನು ತಂದ ಎರಡನ್ನೂ ತಿರುಗಿ ಡಬ್ಬಿಗೆ ಹಾಕಿದಳು. ಆಗ ಆ ಹುಡುಗಿ ತನ್ನ ಇಡೀ ಡಬ್ಬಿಯನ್ನು ಇವಳ ತೊಡೆಯ ಮೇಲೆ ಇಟ್ಟಳು. "ಯಾವ್ದಾರ ಬ್ಯಾರೆದು ತಗೋ. ಎಂಟ ದಿನಾ ಇಟ್ಕೊಂಡ ನೋಡ." ಬಾಜೂಕ್ಕೆ ಕೂತವಳೂ ತನ್ನದನ್ನು ಸರಿಸಿದಳು.

ಬಸ್ಸಿನಲ್ಲಿ ಅಕ್ಕ ಕಿಡಕಿಯ ಪಕ್ಕ ಕೂತಳು. ಮುಷ್ಟಿಯಲ್ಲಿ ಒಂದು ಪುಟ್ಟ ಆಮೆ ಇತ್ತು, ಹಿಂದೆ ಕೆಂಪು ಚುಕ್ಕೆ ಇದ್ದದ್ದು.

"ಆಯಿ, ಖರೇ ಹೇಳಿ ತಪ್ಪ ಮಾಡಿದ್ನೇನ?"

"ಖರೇ ಹೇಳಿದ್ದು ಬರೋಬರಿ ಐತಿ," ಎಂದೆ. "ಅಷ್ಟ ಚಂದ ಹೇಳೂದು ಬೇಕಾಗಿರಲಿಲ್ಲ."